ಸುಗುಣಕ್ಕನ ಟವರ್, ಅಧ್ಯಕ್ಷರ ಚೆಸ್

ಮುಂಬೈ ಆಚೆಯ ಕಲ್ಯಾಣ ಸ್ಟೇಷನ್ನಿನ ಪೂರ್ವದ ಕಡೆ ಇಳಿದು ಸುಗುಣಕ್ಕನ ಅಂಗಡಿಗೆ ಹೋಗಬೇಕು ಎಂದು ಹೇಳಿ ನೋಡಿ. ರಿಕ್ಷಾದವನು "ಕೌನ್, ವೋ ಎಸ್‌ಟಿಡಿವಾಲಿ?" ಎಂದೇ ಕೇಳುತ್ತಾನೆ. ಎಸ್‌ಟಿಡಿ ಬೂತು ಮುಚ್ಚಿ ಯಾವ ಕಾಲವಾಯಿತು! ಅದರ ನಂತರ ಅದೇ ಹತ್ತಡಿ ಅಂಗಡಿಯಲ್ಲಿ ಸೈಬರ್ ಕೆಫೆ ಬಂತು, ಹೋಯಿತು. ಆಮೇಲೆ ಗಾಳಿಯಲ್ಲೇ ಮನೆಮನೆಗೆ ಇಂಟರ್ನೆಟ್ ಹಂಚುವ ವ್ಯಾಪಾರ ಬಂತು. ಹೆಸರು ಮಾತ್ರ ಎಸ್‌ಟಿಡಿವಾಲಿ ಎಂದೇ ಉಳಿಯಿತು. ಸುಗುಣಕ್ಕನಿಗೆ ಅದರಿಂದ ಬೇಸರವೇನಿಲ್ಲ. "ಇರ್ಲಿ ಮಾರಾಯ್ರೆ, ಆ ಬೂತೇ ಅಲ್ವಾ ನನಗೆ ಇಂಜಿನಿಯರಿಂಗ್ ಕಲಿಸಿದ್ದು" ಎನ್ನುತ್ತಾಳೆ. ಕೇಳಿದವರು ತಮಾಷೆ ಎಂದುಕೊಂಡು ನಗುತ್ತಾರೆ. ತಮಾಷೆಯಲ್ಲ, ನಿಜ. ಅದನ್ನು ಹೇಳಲಿಕ್ಕೇ ನಾನು ಕೂತದ್ದು.

ಸುಗುಣಾ ಉಡುಪಿ ಕಡೆಯವಳು. ಗಂಡ ವಸಂತಕುಮಾರ ಠಾಣೆಯ ಮಾಜಿವಾಡಾದಲ್ಲಿ ಒಂದು ಸಸ್ಯಾಹಾರಿ ಹೋಟೆಲಿನ ಮ್ಯಾನೇಜರ್. ಬೆಳಗಿನ ಲೋಕಲ್ ಹಿಡಿದು ಹೋದರೆ ಮನುಷ್ಯ ಮನೆಗೆ ಕಾಣಿಸುವುದು ರಾತ್ರಿ ಊಟಕ್ಕೆ. ಅಣ್ಣ ಮುರಾರಿಯ ಮನೆ ಒಂದು ಸ್ಟೇಷನ್ ಆಚೆ, ವಿಠ್ಠಲವಾಡಿಯಲ್ಲಿ. ತೊಂಬತ್ತೈದನೇ ಇಸವಿಯಲ್ಲಿ ಟೆಲಿಫೋನ್ ಕಚೇರಿಗೆ ಅಲೆದು ಅಲೆದು ಚಪ್ಪಲಿ ಸವೆಸಿ, ತಂಗಿಗೆ ಬೂತಿನ ಲೈಸೆನ್ಸ್ ಮಾಡಿಸಿಕೊಟ್ಟವನು ಅವನೇ. "ಮನೆಯಲ್ಲಿ ಕೂತು ಎಂಥ ಮಾಡ್ತಿ? ನಿನಗೆ ತಲೆ ಉಂಟು, ಬಾಯಿಯೂ ಉಂಟು" ಎಂದು ಬೀಗದ ಕೈ ಕೊಟ್ಟು ಹೋಗಿದ್ದ. ಆ ಉಪಕಾರವನ್ನು ಸುಗುಣಕ್ಕ ಒಂದು ದಿನವೂ ಮರೆತವಳಲ್ಲ.

ಆ ಬೂತಿನಲ್ಲಿ ಲೈನು ಒಂದೇ, ಕ್ಯಾಬಿನ್ ಎರಡು. ಒಂದೇ ಲೈನಿಗೆ ಎರಡು ರಿಸೀವರ್, ನಡುವೆ ಪ್ಲೈವುಡ್ ಗೋಡೆ. ಎಡಗಡೆ ನಿಂತವನಿಗೆ ಬಲಗಡೆಯವನು ಕಾಣುವುದಿಲ್ಲ, ಕೇಳುವುದೂ ಇಲ್ಲ. ಇಬ್ಬರಿಗೂ ಕಾಣುವುದು ಕೌಂಟರಿನ ಹಿಂದೆ ಕೂತ ಸುಗುಣಕ್ಕ ಮಾತ್ರ. ಒಬ್ಬ ಊರಿಗೆ ಮಾತಾಡುತ್ತಿರುವಾಗ ಇನ್ನೊಬ್ಬ ಗೊತ್ತಿಲ್ಲದೆ ರಿಸೀವರ್ ಎತ್ತಿಬಿಡುತ್ತಿದ್ದ. ಆಮೇಲೆ ಕೇಳಬೇಕೆ! ಇವನ ಅತ್ತೆಯ ಕಾಯಿಲೆ ಅವನ ಜಾಗದ ವ್ಯವಹಾರದೊಳಗೆ ನುಗ್ಗಿ, ಮೂರೂ ಕಡೆಯಿಂದ "ಹಲೋ ಹಲೋ" ಎಂದು ಕಿರುಚಾಟವಾಗಿ, ಇಬ್ಬರೂ ಒಟ್ಟಿಗೆ ಹೊರಗೆ ಬಂದು ಸುಗುಣಕ್ಕನ ಮೇಲೆ ಹರಿಹಾಯುತ್ತಿದ್ದರು.

ಒಂದು ವಾರ ಸಹಿಸಿದಳು. ಎರಡನೆಯ ವಾರ ಕಾನೂನು ಮಾಡಿದಳು. ಮಾತಾಡಬೇಕಾದವನು ಮೊದಲು ಕೈ ಎತ್ತಬೇಕು. ಲೈನು ಖಾಲಿ ಇದ್ದರೆ ಅವಳು ಪೆನ್ನಿನಿಂದ ಕೌಂಟರಿಗೆ ಟಕ್ ಎಂದು ಬಡಿದು ಅವನ ಕಡೆ ಬೆರಳು ತೋರಿಸುತ್ತಾಳೆ. ಆ ಟಕ್ ಎರಡೂ ಕ್ಯಾಬಿನ್ನಿಗೆ ಕೇಳುತ್ತದೆ. ಒಬ್ಬನಿಗೆ ಎತ್ತು ಎಂದು ಅರ್ಥ, ಇನ್ನೊಬ್ಬನಿಗೆ ಸುಮ್ಮನಿರು ಎಂದು. "ತಲುಪಿದೆ, ಇಡ್ತೇನೆ" ಎನ್ನುವಷ್ಟೇ ಮಾತಿದ್ದವನು ಕೈ ಎತ್ತುವುದು ಬೇಡ. ಅವನು ಕೈ ಎತ್ತಿ ಇವಳು ಟಕ್ ಎನ್ನುವಷ್ಟರಲ್ಲಿ ಅವನ ಮಾತು ಎರಡು ಸಲ ಮುಗಿದಿರುತ್ತದೆ. ಭಾನುವಾರ ಸಾಲು ಉದ್ದವಾದರೆ ಒಬ್ಬೊಬ್ಬರಿಗೆ ಐದೇ ನಿಮಿಷ. ಒಮ್ಮೆ ಊರಿನಿಂದ ಬಂದಿದ್ದ ಸ್ವಂತ ಅಪ್ಪನನ್ನೇ ಐದು ನಿಮಿಷಕ್ಕೆ ನಿಲ್ಲಿಸಿದ್ದಳು. ಅಪ್ಪ ಎರಡು ದಿನ ಮುಖ ಊದಿಸಿಕೊಂಡು ಕೂತಿದ್ದರು.

ಗಾಳಿಯ ಇಂಟರ್ನೆಟ್ಟಿಗೆ ಅವಳು ಇಳಿದದ್ದು ಎರಡು ಸಾವಿರದ ಆರರಲ್ಲಿ. ಕನ್ನಡ ಸಂಘದ ಶಾಲೆಯ ನಾಲ್ಕು ಮಾಳಿಗೆ ಕಟ್ಟಡವೇ ಆಗ ಆ ಓಣಿಗೆಲ್ಲ ಎತ್ತರದ್ದು. ಸಂಘದ ಆಫೀಸಿಗೂ ಶಾಲೆಗೂ ಪುಕ್ಕಟೆ ನೆಟ್ ಕೊಡುತ್ತೇನೆ ಎಂದು ಒಪ್ಪಿಸಿ ಟೆರೇಸಿನ ಮೇಲೆ ಟವರ್ ನಿಲ್ಲಿಸಿದಳು. ಟವರ್ ಎಂದರೆ ದೊಡ್ಡದೇನಲ್ಲ, ಇಪ್ಪತ್ತಡಿ ಕಬ್ಬಿಣದ ಕೊಳವೆ, ತುದಿಯಲ್ಲಿ ಒಂದು ಬಿಳಿ ಕೋಲು. ಅದನ್ನು ನಿಲ್ಲಿಸಿದವನು ಶಂಕ್ರೆಪ್ಪ. ಕಲಬುರಗಿ ಕಡೆಯವನು, ಇಪ್ಪತ್ತು ವರ್ಷ ಕೇಬಲ್ ಟಿವಿಯ ತಂತಿ ಎಳೆದು ಎಳೆದು ಕಲ್ಯಾಣದ ಒಂದೊಂದು ಟೆರೇಸಿನ ನಾಯಿಗೂ ಗುರುತಾದವನು. ಗಿರಾಕಿಗಳ ಮನೆಯ ಮೇಲೆ ಊಟದ ಡಬ್ಬಿಯಷ್ಟು ದೊಡ್ಡ ಒಂದು ಪೆಟ್ಟಿಗೆ ಕೂರಿಸಿ ಅದರ ಮುಖವನ್ನು ಟವರಿನ ಕಡೆ ತಿರುಗಿಸಿದರೆ ಮುಗಿಯಿತು. ನಾಲ್ಕು ವರ್ಷದಲ್ಲಿ ಅರವತ್ತೊಂದು ಮನೆಗಳಾದವು.

ಇರುವ ಒಂದು ಲೈನನ್ನು ಅರವತ್ತೊಂದು ಮನೆಗೆ ಹಂಚಬೇಕಲ್ಲ, ಅದಕ್ಕೆ ಪ್ರತಿಯೊಬ್ಬರಿಗೂ ಒಂದು ಮಿತಿ: ಸೆಕೆಂಡಿಗೆ ಇನ್ನೂರೈವತ್ತಾರು ಕಿಲೋಬಿಟ್. ಅದಕ್ಕಿಂತ ಒಂದು ತೊಟ್ಟು ಹೆಚ್ಚು ಹರಿಯುವುದಿಲ್ಲ. ಆದರೆ, ಇಲ್ಲೇ ನೋಡಿ ನಮ್ಮ ಕರಾವಳಿಯವರ ಕತೆ ಇರುವುದು, ಮಿತಿಯ ಪಟ್ಟಿಯ ಹೊರಗೆ ಅವಳದೊಂದು ಸಣ್ಣ ಪಟ್ಟಿ ಇತ್ತು. ಅದಕ್ಕೆ ಅವಳು ಇಟ್ಟ ಹೆಸರು 'ಮನೆಯವರು'. ಅದರಲ್ಲಿ ಒಂಬತ್ತು ಮನೆ. ಅಣ್ಣ ಮುರಾರಿ, ಗಂಡನ ಸೋದರಮಾವ, ಸಂಘದ ಅಧ್ಯಕ್ಷರು, ಕಾರ್ಯದರ್ಶಿ, ಹೀಗೆ. ನಮ್ಮವರ ಎಲೆಗೆ ಅಳೆದು ಬಡಿಸುವುದುಂಟೇ? ಅವರಿಗೆ ಮಿತಿಯೇ ಇರಲಿಲ್ಲ. ಬೂತಿನಲ್ಲಿ ಅಪ್ಪನನ್ನೇ ನಿಲ್ಲಿಸಿದ ಹೆಂಗಸು ಇಲ್ಲಿ ಯಾಕೆ ಹೀಗೆ ಮಾಡಿದಳು ಎಂದರೆ, ಅಲ್ಲಿ ಸಾಲಿನಲ್ಲಿ ನಿಂತವರ ಕಣ್ಣಿತ್ತು. ಇಲ್ಲಿ ಗಾಳಿಯಲ್ಲಿ ಯಾರಿಗೆ ಎಷ್ಟು ಹೋಗುತ್ತದೆ ಎಂದು ಯಾರೂ ನೋಡುವುದಿಲ್ಲ. ಯಾರೂ ನೋಡದ ಕಡೆ ದಾಕ್ಷಿಣ್ಯಕ್ಕೆ ಬೇಗ ಕೈಕಾಲು ಬೆಳೆಯುತ್ತದೆ.

ಎರಡು ಸಾವಿರದ ಹತ್ತರ ಜನವರಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಸಂಘದ ಅಧ್ಯಕ್ಷ ಪುಂಡರೀಕಾಕ್ಷರು ಅಂಗಡಿಗೆ ಬಂದರು. ಬೇಲಾಪುರದ ಸರ್ಕಾರಿ ಕಚೇರಿಯಲ್ಲಿ ದೊಡ್ಡ ಹುದ್ದೆ, ದಿನಾ ಠಾಣೆಯಲ್ಲಿ ಗಾಡಿ ಬದಲಿಸಿ ಹೋಗಿ ಬರುವವರು. ಕೂರಿ ಎಂದರೆ ಕೂರಲಿಲ್ಲ. ಚಾ ಎಂದರೆ ಬೇಡ ಎಂದರು. ಚಾ ಬೇಡ ಎಂದ ಮೇಲೆ ವಿಷಯ ಗಂಭೀರವೇ ಎಂದು ಸುಗುಣಕ್ಕನಿಗೆ ತಿಳಿಯಿತು.

"ನೋಡು ಸುಗುಣಾ, ನಾನು ಸೋಲಿಗೆ ಹೆದರುವವನಲ್ಲ" ಎಂದು ಶುರುಮಾಡಿದರು. "ಆನೆ ಹೋಗ್ಲಿ, ಮಂತ್ರಿ ಹೋಗ್ಲಿ, ನನಗೆ ಬೇಸರ ಇಲ್ಲ. ಆದ್ರೆ ಗಡಿಯಾರ ಓಡ್ತಾ ಇರ್ತದೆ, ನಾನು ಕುದುರೆ ಎತ್ತಿ ಇಡ್ತೇನೆ, ಅದು ಆ ಕಡೆಗೆ ತಲುಪುವುದೇ ಇಲ್ಲ. ಸಮಯ ಮುಗೀತು, ನೀನು ಸೋತಿ ಅಂತ ಬರ್ತದೆ. ಏಳು ಆಟ! ಏಳು ಆಟ ನಿನ್ನ ನೆಟ್ಟಿನಿಂದ ಹೋಯ್ತು."

ಅವರ ಕಚೇರಿಯವರೂ ನಾಶಿಕದ ಕಚೇರಿಯವರೂ ಸೇರಿ ಇಂಟರ್ನೆಟ್ಟಿನಲ್ಲಿ ಚೆಸ್ ಪಂದ್ಯ ನಡೆಸುತ್ತಿದ್ದರು. ದಿನಾ ಸಂಜೆ ಎಂಟಕ್ಕೆ ಅಭ್ಯಾಸದ ಆಟ, ಬರುವ ಶನಿವಾರ ಎಂಟಕ್ಕೆ ಫೈನಲ್. ಪುಂಡರೀಕಾಕ್ಷರು ಹೇಗೋ ಫೈನಲ್ ತಲುಪಿಬಿಟ್ಟಿದ್ದರು.

"ಇನ್ನೊಂದು ಮಾತು" ಎಂದು ದನಿ ತಗ್ಗಿಸಿದರು. "ದೊಡ್ಡ ಕಂಪನಿಯವರೊಬ್ಬರು ನಮ್ಮ ಟೆರೇಸ್ ಕೇಳ್ತಾ ಇದ್ದಾರೆ. ಊರಿನ ಹೆಣ್ಣುಮಗಳು ಅಂತ ಇಷ್ಟು ದಿನ ನಾನೇ ತಡೆದು ಇಟ್ಟದ್ದು. ಮುಂದಿನ ಭಾನುವಾರ ಕಮಿಟಿ ಮೀಟಿಂಗ್ ಉಂಟು. ಶನಿವಾರ ನನ್ನ ಆಟ ನಡುವೆ ಕಡಿದು ಹೋಯ್ತೋ, ಭಾನುವಾರ ನಾನು ಬಾಯಿ ಮುಚ್ಚಿ ಕೂರುವವ. ಮತ್ತೆ ನೀನುಂಟು, ಕಮಿಟಿ ಉಂಟು."

ಅವರು ಹೋದ ಮೇಲೆ ಸುಗುಣಕ್ಕ ಲೆಕ್ಕ ಹಾಕಿದಳು. ಟೆರೇಸ್ ಹೋದರೆ ಟವರ್ ಹೋಯಿತು, ಟವರ್ ಹೋದರೆ ಅರವತ್ತೊಂದು ಮನೆಯೂ ಹೋದವು. ಊಟಕ್ಕೇನೂ ತೊಂದರೆಯಾಗದು, ಗಂಡನ ಸಂಬಳ ಇದೆ. ಆದರೆ ಹದಿನೈದು ವರ್ಷದಿಂದ ಈ ಕೌಂಟರಿನ ಹಿಂದೆ ಕೂತು ಅವಳು ಒಬ್ಬ ಮನುಷ್ಯಳಾಗಿದ್ದಳು. ಯಾರ ಹೆಂಡತಿ, ಯಾರ ತಂಗಿ ಎಂದು ಯಾರೂ ಕೇಳುತ್ತಿರಲಿಲ್ಲ. ಟೆರೇಸಿನ ಜೊತೆಗೆ ಅದೂ ಹೋಗುತ್ತಿತ್ತು.

ಸೋಮವಾರ ಅವಳು ಎಲ್ಲರ ಮಿತಿಯನ್ನೂ ಅರ್ಧಕ್ಕೆ ಇಳಿಸಿದಳು. ಎಲ್ಲರದ್ದು ಎಂದರೆ ಮೊದಲೇ ಮಿತಿ ಇದ್ದವರದ್ದು. 'ಮನೆಯವರು' ಪಟ್ಟಿಯ ತಂಟೆಗೆ ಹೋಗಲಿಲ್ಲ. ಸಂಜೆ ಎಂಟಕ್ಕೆ ನೆಟ್ ಎಂದಿನಂತೆಯೇ ಬಿಕ್ಕಿತು, ಮೇಲಿಂದ ಮೂವತ್ತು ಮಂದಿ ಫೋನ್ ಮಾಡಿ ಬೈದರು. ಮಂಗಳವಾರ ಮಿತಿಯನ್ನು ಮೊದಲಿನ ಜಾಗಕ್ಕೆ ತಂದಳು.

"ಅಕ್ಕಾರ, ಟವರಿನ ಪವರ್ ಏರಸೂಣ್ರಿ" ಎಂದ ಶಂಕ್ರೆಪ್ಪ. "ಸಂತ್ಯಾಗ ಗದ್ದಲ ಇದ್ರ ನಾವೂ ದನಿ ಏರಸ್ತೀವಿಲ್ಲೋ? ಹಂಗ."

ಏರಿಸಿದರು. ಏನೂ ಆಗಲಿಲ್ಲ. ಟವರಿನ ಮಾತು ಮನೆಗಳಿಗೆ ಇನ್ನಷ್ಟು ಜೋರಾಗಿ ಕೇಳಿಸಿತು, ಮನೆಗಳ ಮಾತು ಟವರಿಗೆ ಕೇಳಿಸಲಿಲ್ಲ. ಬುಧವಾರ ಪೆಟ್ಟಿಗೆ ಮಾರಿದವನಿಗೆ ಫೋನ್ ಮಾಡಿದರೆ ಅವನು ಎಲ್ಲ ಪೆಟ್ಟಿಗೆ ಹಳತಾಗಿವೆ, ಹೊಸದು ಕೊಳ್ಳಿ ಎಂದ. ಯಾವ ಕಾಯಿಲೆಗೂ ಅವನಲ್ಲಿ ಅದೊಂದೇ ಮದ್ದು! ಸುಗುಣಕ್ಕ ಫೋನ್ ಇಟ್ಟು "ಇವನ ತಲೆ" ಎಂದಳು.

ಗುರುವಾರ ಸಂಜೆ ಒಂದು ವಿಚಿತ್ರವಾಯಿತು. ಎಂಟು ಗಂಟೆಯಾಯಿತು, ಎಂಟೂವರೆಯಾಯಿತು, ಫೋನೇ ಬರಲಿಲ್ಲ. ಕಂಪ್ಯೂಟರಿನಲ್ಲಿ ನೋಡಿದರೆ ನೆಟ್ ಎಣ್ಣೆ ಹಾಕಿದ ಚಕ್ರದ ಹಾಗೆ ಓಡುತ್ತಿದೆ. ಅಧ್ಯಕ್ಷರ ಮನೆಯ ಪೆಟ್ಟಿಗೆ ಒಂದು ಸಲವೂ ಕಡಿದಿಲ್ಲ. ಆಗಲೇ ಅವಳಿಗೆ ಕಂಡದ್ದು, ಪಟ್ಟಿಯಲ್ಲಿ ವಿಠ್ಠಲವಾಡಿಯ ಮೂರು ಮನೆಗಳೂ ಕೆಂಪಾಗಿವೆ. ಅತ್ತಿಗೆ ಜಲಜಾಕ್ಷಿಗೆ ಫೋನ್ ಮಾಡಿದಳು.

"ನಮ್ಮಲ್ಲಿ ಏಳೂಮುಕ್ಕಾಲಿಗೇ ಕರೆಂಟು ಹೋಯ್ತು" ಎಂದಳು ಜಲಜಾಕ್ಷಿ. "ಟ್ರಾನ್ಸ್‌ಫಾರ್ಮರ್ ಠುಸ್ ಅಂದಿದೆ. ನಿನ್ನ ಅಣ್ಣ ಕೈಕೈ ಹಿಸುಕಿಕೊಂಡು ಕೂತಿದ್ದಾರೆ."

ವಿಠ್ಠಲವಾಡಿ ಕತ್ತಲಾದರೆ ಕಲ್ಯಾಣದಲ್ಲಿ ನೆಟ್ ಸರಿಯಾಗುತ್ತದೆ! ಅಲ್ಲಿ ಇರುವುದು ಮೂರೇ ಮನೆ. ಎರಡಕ್ಕೆ ಮಿತಿ ಉಂಟು. ಮೂರನೆಯದು ಅಣ್ಣನದು. ಸುಗುಣಕ್ಕ ಕಂಪ್ಯೂಟರನ್ನು ಆರಿಸಿ ಅಂಗಡಿಯ ಶಟರ್ ಎಳೆದಳು.

ಶುಕ್ರವಾರ ಸಂಜೆ ಶೇರ್ ರಿಕ್ಷಾ ಹಿಡಿದು ವಿಠ್ಠಲವಾಡಿಗೆ ಹೋದಳು. ಕರೆಂಟು ಬಂದಿತ್ತು. "ಬಲ ಸುಗುಣಾ, ಕುಲ್ಲು" ಎಂದು ಮುರಾರಿ ತುಳುವಿನಲ್ಲಿ ಕರೆದು ಪಕ್ಕದ ಕುರ್ಚಿ ತೋರಿಸಿದ. ಬಣ್ಣದ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಕೆಲಸ, ಜೀವಕ್ಕಿಂತ ಹೆಚ್ಚು ಯಕ್ಷಗಾನದ ಹುಚ್ಚು. ಮುಂಬೈ, ಠಾಣೆ, ಡೊಂಬಿವಲಿಯಲ್ಲಿ ಎಲ್ಲಿ ಆಟವಾದರೂ ಕ್ಯಾಮೆರಾ ಹೊತ್ತುಕೊಂಡು ಹೋಗಿ ಮೊದಲ ಸಾಲಿನಲ್ಲಿ ಅದರ ಮುಕ್ಕಾಲಿ ಇಟ್ಟು ನಿಲ್ಲುತ್ತಿದ್ದ. ಹಿಂದೆ ಕೂತವರು ಬೈದರೂ ಅವನಿಗೆ ಕೇಳಿಸುತ್ತಿರಲಿಲ್ಲ. ಈಗ ಅದನ್ನೆಲ್ಲ ಇಂಟರ್ನೆಟ್ಟಿಗೆ ಏರಿಸಲು ಹೊರಟಿದ್ದ.

"ನೋಡಿಲ್ಲಿ" ಎಂದು ಪರದೆ ತೋರಿಸಿದ. "ನಮ್ಮ ಸಂಘದ ವಾರ್ಷಿಕೋತ್ಸವದ ಆಟ. ಹತ್ತು ನಿಮಿಷಕ್ಕಿಂತ ಉದ್ದ ಹಾಕ್ಲಿಕ್ಕೆ ಬಿಡುವುದಿಲ್ಲ ಅವರು, ಅದಕ್ಕೆ ಹದಿನೆಂಟು ತುಂಡು ಮಾಡಿದ್ದೇನೆ. ಹತ್ತು ಹೋಗಿದೆ. ಹನ್ನೊಂದನೆಯದರಲ್ಲಿ ಅಧ್ಯಕ್ಷರ ಪ್ರವೇಶ! ಕಿರೀಟ ಹಾಕ್ಕೊಂಡು ಬರ್ತಾರೆ ನೋಡು, ಆಹಾ! ದಿನಾ ಕೇಳ್ತಾರೆ ಪಾಪ, ಎಲ್ಲಿಗೆ ಬಂತು ಮುರಾರಿ, ಎಲ್ಲಿಗೆ ಬಂತು ಅಂತ."

"ದಿನಾ ಎಷ್ಟು ಗಂಟೆಗೆ ಹಾಕ್ತಿ ಅಣ್ಣ?"

"ಕೆಲಸದಿಂದ ಬಂದು, ಸ್ನಾನ ಮಾಡಿ, ಎಂಟಕ್ಕೆ ಕೂರ್ತೇನೆ. ಆದ್ರೆ ನಿನ್ನ ನೆಟ್ಟು ಎಂಥದ್ದೋ ಮಾರಾಯ್ತಿ, ಅರ್ಧದಲ್ಲಿ ಕಡೀತದೆ. ಪುನಃ ಮೊದಲಿಂದ. ಒಂದೊಂದು ತುಂಡಿಗೆ ನಾಲ್ಕು ನಾಲ್ಕು ಸಲ." ಕಪಾಟಿನ ಬಾಗಿಲು ತೆರೆದ. ಒಳಗೆ ಹನ್ನೊಂದು ವರ್ಷದ ಕ್ಯಾಸೆಟ್ಟುಗಳು ಮೇಲಿಂದ ಕೆಳಗಿನವರೆಗೆ ಇದ್ದವು. "ಇದೆಲ್ಲ ಹಾಕ್ಬೇಕು. ಆಟಕ್ಕೆ ಬರ್ಲಿಕ್ಕಾಗದ ನಮ್ಮವರು ಎಷ್ಟು ಜನ ಇದ್ದಾರೆ, ಕೂತಲ್ಲೇ ನೋಡ್ಲಿ ಅಂತ."

ಜಲಜಾಕ್ಷಿ ಬಿಸಿ ಗೋಳಿಬಜೆ ತಂದಿಟ್ಟಳು. ಹೇಳಬೇಕಿತ್ತು. ಆ ಹೊತ್ತಿನಲ್ಲೇ, ಅಣ್ಣ, ನಿನ್ನಿಂದ ಹೀಗಾಗಿದೆ ಎಂದು ಹೇಳಬೇಕಿತ್ತು. ಆದರೆ ಬಾಯಿಯಲ್ಲಿ ಅತ್ತಿಗೆಯ ಬಜೆ, ಎದುರಿಗೆ ಅಣ್ಣನ ಹೊಳೆಯುವ ಕಣ್ಣು. ಸುಗುಣಕ್ಕ ಆರು ಬಜೆ ತಿಂದು, ಕಾಫಿ ಕುಡಿದು, ಒಂದಕ್ಷರ ಹೇಳದೆ ವಾಪಸು ಬಂದಳು.

ಶನಿವಾರ ಬೆಳಿಗ್ಗೆ ಮಗಳು ಶ್ರೀಪ್ರಿಯಾಳನ್ನು ಅಂಗಡಿಗೆ ಎಳೆದು ತಂದಳು. ಡೊಂಬಿವಲಿಯ ಕಾಲೇಜಿನಲ್ಲಿ ಕಂಪ್ಯೂಟರ್ ಓದುವ ಹುಡುಗಿ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಪೆಟ್ಟಿಗೆಯೊಳಗಿನ ಸೆಟ್ಟಿಂಗ್‌ಗಳ ಪುಟ ತೆರೆದು, ಒಂದೊಂದು ಸಾಲಿನ ಅರ್ಥ ಹೇಳು ಎಂದಳು ತಾಯಿ. ಹನ್ನೆರಡನೆಯ ಸಾಲಿಗೆ ಬಂದಾಗ ಮಗಳು ಕೈ ಬೀಸಿ "ಯೇ ರೆಹನೇ ದೋ ಅಮ್ಮಾ, ಇಸಕೋ ಕೋಯೀ ನಹೀ ಛೇಡ್ತಾ" ಎಂದಳು.

"ಯಾಕೆ ಯಾರೂ ಮುಟ್ಟುವುದಿಲ್ಲ? ಎಂಥ ಉಂಟು ಅದರಲ್ಲಿ?"

ಶ್ರೀಪ್ರಿಯಾ ಕಾಲೇಜಿನ ಪುಸ್ತಕ ನೆನಪು ಮಾಡಿಕೊಂಡು ವಿವರಿಸಿದಳು. ಟವರಿನ ಎರಡು ಬದಿಯಲ್ಲಿ ಎರಡು ಪೆಟ್ಟಿಗೆ ಇವೆ ಎಂದುಕೋ. ಇಬ್ಬರಿಗೂ ಟವರ್ ಕೇಳುತ್ತದೆ, ಆದರೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವುದಿಲ್ಲ. ಲೈನು ಖಾಲಿ ಇದೆ ಎಂದುಕೊಂಡು ಇಬ್ಬರೂ ಒಟ್ಟಿಗೆ ಮಾತಾಡುತ್ತಾರೆ. ಎರಡು ಮಾತೂ ಡಿಕ್ಕಿ ಹೊಡೆದು ಟವರಿಗೆ ಯಾವುದೂ ಅರ್ಥವಾಗುವುದಿಲ್ಲ. ಈ ಸೆಟ್ಟಿಂಗ್ ಹಾಕಿದರೆ ಪೆಟ್ಟಿಗೆ ಮಾತಾಡುವ ಮೊದಲು ಟವರಿನ ಅಪ್ಪಣೆ ಕೇಳುತ್ತದೆ. ಟವರ್ ಎಲ್ಲರಿಗೂ ಕೇಳುವಂತೆ, ಈಗ ಇವನ ಸರದಿ ಎಂದು ಹೇಳುತ್ತದೆ. ಇಲ್ಲಿ ಬರೆಯುವ ಸಂಖ್ಯೆಗಿಂತ ದೊಡ್ಡ ಮಾತಿಗಷ್ಟೇ ಅಪ್ಪಣೆ ಬೇಕು, ಸಣ್ಣದಕ್ಕೆ ಬೇಡ. ಕಂಪನಿಯವರು ಇಟ್ಟ ಸಂಖ್ಯೆ ಎಷ್ಟು ದೊಡ್ಡದೆಂದರೆ ಯಾರೂ ಎಂದೂ ಅಪ್ಪಣೆ ಕೇಳುವುದೇ ಇಲ್ಲ.

ಸುಗುಣಕ್ಕ ಬಾಯಿ ತೆರೆದು ಕೇಳುತ್ತಿದ್ದಳು. ಆಮೇಲೆ ಕೌಂಟರಿನ ಮೇಲಿದ್ದ ಪೆನ್ನು ತೆಗೆದು ಟಕ್ ಎಂದು ಬಡಿದಳು.

"ಅಯ್ಯೋ ದೇವರೇ! ಇದು ನನ್ನದಲ್ವಾ!" ಎಂದು ಕೂಗಿದಳು. "ಇದೇ ಕೌಂಟರಿನಲ್ಲಿ ಮಾಡಿದ ಕಾನೂನು, ಎಡದ ಕ್ಯಾಬಿನ್, ಬಲದ ಕ್ಯಾಬಿನ್! ಒಂದು ಕಡೆ ಅಧ್ಯಕ್ಷರು, ಇನ್ನೊಂದು ಕಡೆ ನಿನ್ನ ಮಾವ! ನಾನೊಬ್ಬಳು ಪೆದ್ದಿ, ಒಂದು ವಾರ ದನಿ ಏರಿಸಿಕೊಂಡು ಕೂತೆ!"

ಸಂಖ್ಯೆ ಎಷ್ಟಿಡಬೇಕು ಎಂದು ಮಗಳು ಕೇಳಿದಾಗ ಐನೂರು ಎಂದಳು. ಚೆಸ್ಸಿನ ಒಂದು ನಡೆ ಎಂದರೆ "ತಲುಪಿದೆ, ಇಡ್ತೇನೆ" ಎನ್ನುವಷ್ಟೇ ಮಾತು. ಅದು ಕೈ ಎತ್ತದೆ ಹೋಗಲಿ. ಅಣ್ಣನ ಯಕ್ಷಗಾನ ದೊಡ್ಡ ದೊಡ್ಡ ಮೂಟೆ. ಅದು ಕೈ ಎತ್ತಿ ನಿಲ್ಲಲಿ. ಮೂಟೆ ಹೋಗುವಾಗ ಟವರ್ ಟಕ್ ಎನ್ನುತ್ತದೆ, ಅಧ್ಯಕ್ಷರ ಪೆಟ್ಟಿಗೆ ಕೇಳಿಸಿಕೊಂಡು ಚಣ ಹೊತ್ತು ಸುಮ್ಮನಿರುತ್ತದೆ, ಆಮೇಲೆ ತನ್ನ ಕುದುರೆ ನಡೆಸುತ್ತದೆ.

ಆದರೆ ಕೈ ಎತ್ತಬೇಕಾದದ್ದು ಗಿರಾಕಿಗಳ ಪೆಟ್ಟಿಗೆಗಳು, ಟವರಲ್ಲ. ಆದ್ದರಿಂದ ಅರವತ್ತೊಂದು ಪೆಟ್ಟಿಗೆಯಲ್ಲೂ ಒಂದೊಂದಾಗಿ ಬರೆಯಬೇಕು. ತಾಯಿ ಮಗಳು ಊಟಕ್ಕೂ ಏಳಲಿಲ್ಲ. ದೂರದಿಂದ ಮಾತು ಕೇಳದ ಆರು ಪೆಟ್ಟಿಗೆಗಳಿಗೆ ಶಂಕ್ರೆಪ್ಪ ಲ್ಯಾಪ್‌ಟಾಪ್ ಹೊತ್ತು ಟೆರೇಸ್ ಟೆರೇಸ್ ಏರಿದ. ಆರನೆಯದನ್ನು ಮುಗಿಸಿ ಫೋನ್ ಮಾಡಿ "ಅಕ್ಕಾರ, ಮೊಣಕಾಲು ನನ್ನವಲ್ಲರೀ ಈಗ" ಎಂದ. ಆಗ ಸಂಜೆ ಐದೂವರೆ.

ಇನ್ನು ಮಿತಿ. 'ಮನೆಯವರು' ಪಟ್ಟಿ ತೆರೆದು ಮೇಲಿಂದ ಬರೆಯುತ್ತ ಬಂದಳು: ಇನ್ನೂರೈವತ್ತಾರು, ಇನ್ನೂರೈವತ್ತಾರು. ಗಂಡನ ಸೋದರಮಾವನಿಗೆ ಬರೆದಳು, ಕಾರ್ಯದರ್ಶಿಗೆ ಬರೆದಳು, ಅಧ್ಯಕ್ಷರಿಗೂ ಬರೆದಳು. ಕೊನೆಯ ಹೆಸರಿನ ಎದುರು ಬೆರಳು ನಿಂತಿತು. ಟೆಲಿಫೋನ್ ಕಚೇರಿಯ ಮೆಟ್ಟಿಲಿನಲ್ಲಿ ಚಪ್ಪಲಿ ಸವೆಸಿದ ಅಣ್ಣ. ಹೇಳದೆ ಕದ್ದು ಬರೆಯುವುದು ಅವಳಿಂದಾಗಲಿಲ್ಲ. ಫೋನ್ ಎತ್ತಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು: ಅಧ್ಯಕ್ಷರ ಆಟ, ಟೆರೇಸು, ಮೀಟಿಂಗು, ಅವನ ಹದಿನೆಂಟು ತುಂಡು. "ನಿನಗೂ ಲಿಮಿಟ್ ಹಾಕ್ತೇನೆ ಅಣ್ಣ" ಎಂದು ಮುಗಿಸಿದಳು.



"ಅಪ್ಪನನ್ನೇ ಐದು ನಿಮಿಷಕ್ಕೆ ನಿಲ್ಲಿಸಿದವಳು ನೀನು" ಎಂದ ಮುರಾರಿ. "ನನ್ನನ್ನು ನಿಲ್ಲಿಸ್ಲಿಕ್ಕೆ ನಾಲ್ಕು ವರ್ಷ ಬೇಕಾಯ್ತಾ? ನಿನ್ನೆ ಬಂದು ಬಜೆ ತಿಂದು ಹೋದದ್ದು ಇದಕ್ಕೇ ಅಲ್ವಾ? ಆಗಲೇ ಹೇಳ್ಬಾರ್ದಾ ಹುಚ್ಚಿ! ಇವತ್ತು ಕಂಪ್ಯೂಟರನ್ನೇ ಮುಚ್ಚಿಡ್ತೇನೆ, ಸರಿಯಾ?"

ಸುಗುಣಕ್ಕ ಕಣ್ಣೊರೆಸಿಕೊಂಡಳು. "ಬೇಡ. ಎಂಟಕ್ಕೆ ಸರಿಯಾಗಿ ಹಾಕ್ಲಿಕ್ಕೆ ಶುರು ಮಾಡು. ನೀನು ಮುಚ್ಚಿದ್ದಕ್ಕೆ ಅವರ ಆಟ ನಡೆದ್ರೆ ಅದು ನಿನ್ನ ಉಪಕಾರ ಆಗ್ತದೆ. ನನ್ನ ಕೆಲಸ ಹೇಗುಂಟು ಅಂತ ನನಗೆ ಗೊತ್ತಾಗ್ಬೇಕು."

ಎಂಟಕ್ಕೆ ಅವಳು ಪರದೆಯ ಮುಂದೆ ಕೂತಳು. ವಿಠ್ಠಲವಾಡಿಯಿಂದ ಮೂಟೆಗಳು ಹೊರಟವು, ಇನ್ನೂರೈವತ್ತಾರರ ಗೆರೆ ದಾಟದೆ, ಒಂದರ ಹಿಂದೆ ಒಂದು. ಈ ಬದಿಯಲ್ಲಿ ಅಧ್ಯಕ್ಷರ ಪೆಟ್ಟಿಗೆಯ ಸಣ್ಣ ಸಣ್ಣ ಮಾತುಗಳು ಹೋಗುತ್ತ ಬರುತ್ತ ಇದ್ದವು. ಎಂಟೂಕಾಲು. ಎಂಟೂಮುಕ್ಕಾಲು. ಎಲ್ಲೂ ಕಡಿಯಲಿಲ್ಲ. ಒಂಬತ್ತಕ್ಕೆ ಪಂದ್ಯ ಮುಗಿಯಬೇಕಿತ್ತು, ಮುಗಿದಿರಬೇಕು, ಆದರೆ ಫೋನ್ ಬರಲಿಲ್ಲ. ಗೆದ್ದರೆ ಪುಂಡರೀಕಾಕ್ಷರು ಊರಿಗೆಲ್ಲ ಫೋನ್ ಮಾಡುವವರು. ಕಡಿದಿದ್ದರೆ ಇವಳಿಗಂತೂ ಮಾಡಿಯೇ ಮಾಡುತ್ತಿದ್ದರು. ಎರಡೂ ಇಲ್ಲ ಎಂದರೆ ಏನು ಅರ್ಥ? ಸುಗುಣಕ್ಕ ಅದೇ ಯೋಚನೆಯಲ್ಲಿ ಮನೆಗೆ ಬಂದು ಗಂಡನಿಗೆ ಸಾರಿನ ಬದಲು ಮಜ್ಜಿಗೆ ಬಡಿಸಿದಳು.

ಭಾನುವಾರ ಶಾಲೆಯ ನಾಲ್ಕನೇ ತರಗತಿಯ ಕೋಣೆಯಲ್ಲಿ ಕಮಿಟಿ ಸೇರಿತು. ಮಕ್ಕಳ ಬೆಂಚಿನಲ್ಲಿ ದೊಡ್ಡವರು ಮೊಣಕಾಲು ಎದೆಗೆ ತಾಗಿಸಿಕೊಂಡು ಕೂತಿದ್ದರು. ಹಿಂದಿನ ಬೆಂಚಿನಲ್ಲಿ ಮುರಾರಿಯೂ ಇದ್ದ. ಕಾರ್ಯದರ್ಶಿ ಗುಣಪಾಲರು ಕಂಪನಿಯ ಪತ್ರ ಓದಿ, ಮಡಚಿ, ಅಧ್ಯಕ್ಷರ ಕಡೆ ತಿರುಗಿದರು.

"ನಿಮ್ಮ ಫೈನಲ್ ಏನಾಯ್ತು? ನಿನ್ನೆಯೂ ಸೋತಿರಂತೆ?"

"ಸೋತೆ" ಎಂದರು ಪುಂಡರೀಕಾಕ್ಷರು.

ಎಲ್ಲರೂ ಸುಗುಣಕ್ಕನನ್ನು ನೋಡಿದರು. ಗುಣಪಾಲರು ಪತ್ರವನ್ನು ಪುನಃ ಬಿಡಿಸಿದರು. "ಹಾಗಾದ್ರೆ ಇನ್ನು ಯೋಚಿಸುವಂಥದ್ದು ಏನುಂಟು? ದಿನಾ ಕಡಿಯುವ ನೆಟ್ಟು..."

"ತಡೆಯಿರಿ ಗುಣಪಾಲರೆ." ಅಧ್ಯಕ್ಷರು ಕನ್ನಡಕ ತೆಗೆದು ಬೆಂಚಿನ ಮೇಲಿಟ್ಟರು. ಹೇಳಲು ಕಷ್ಟವಾಗುತ್ತಿತ್ತು ಎಂದು ಮುಖದಲ್ಲೇ ಕಾಣುತ್ತಿತ್ತು. "ನಿನ್ನೆ ನೆಟ್ಟು ಒಂದು ಸಲವೂ ಕಡಿಯಲಿಲ್ಲ. ಮೂರು ಆಟವೂ ಪೂರ್ತಿ ನಡೆಯಿತು. ಮೂರನೆಯದರಲ್ಲಿ ನನ್ನ ಮಂತ್ರಿಯನ್ನು ನಾನೇ ಕೈಯಾರೆ ಒಯ್ದು ಅವನ ಕುದುರೆಯ ಬಾಯಿಗೆ ಇಟ್ಟೆ. ಇಷ್ಟು ದಿನ ನೆಟ್ಟು ಸೋಲಿಸ್ತಿತ್ತು. ನಿನ್ನೆ ಸೋತದ್ದು ನಾನು." ಅವಳ ಕಡೆ ತಿರುಗಿ, "ರಾತ್ರಿಯೇ ನಿನಗೆ ಫೋನ್ ಮಾಡ್ಬೇಕಿತ್ತು ಸುಗುಣಾ. ನಾಚಿಕೆಯಾಯ್ತು" ಎಂದರು.

ಗುಣಪಾಲರು ಪತ್ರವನ್ನು ಮಡಚಿ ಫೈಲಿನ ತಳಕ್ಕೆ ಸೇರಿಸಿದರು. ಟವರ್ ಉಳಿಯಿತು ಎಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಸುಗುಣಕ್ಕನಿಗೆ ಎದ್ದು ನಿಂತು ಆ ಮನುಷ್ಯನ ಕಾಲು ಮುಟ್ಟಬೇಕೆನಿಸಿತು.

"ಮತ್ತೆ ಇಷ್ಟು ದಿನ ಯಾಕೆ ಕಡೀತಿತ್ತು?" ಎಂದು ಯಾರೋ ಕೇಳಿದರು. ಹಿಂದಿನ ಬೆಂಚಿನಲ್ಲಿ ಮುರಾರಿ ತಲೆ ತಗ್ಗಿಸಿದ.

"ತಪ್ಪು ನನ್ನದು" ಎಂದಳು ಸುಗುಣಕ್ಕ ತಟ್ಟನೆ. "ನಮ್ಮವರು ಅಂತ ಒಂಬತ್ತು ಮನೆಗೆ ಲಿಮಿಟ್ ಹಾಕಿರ್ಲಿಲ್ಲ. ಈಗ ಎಲ್ಲರಿಗೂ ಉಂಟು."

"ನನಗೂ?" ಎಂದರು ಅಧ್ಯಕ್ಷರು.

"ನಿಮಗೂ."

"ಗುಣಪಾಲರಿಗೆ?"

"ಅವರಿಗೂ."

"ಹಾಗಾದ್ರೆ ಸರಿ." ಕನ್ನಡಕ ಏರಿಸಿಕೊಂಡು ಅವರು ಹಿಂದಕ್ಕೆ ತಿರುಗಿದರು. "ಅದಿರ್ಲಿ ಮುರಾರಿ, ಹನ್ನೊಂದನೇ ಭಾಗ ಎಲ್ಲಿ? ನನ್ನ ಪ್ರವೇಶದ್ದು? ನಾನು ದಿನಾ ಚೆಸ್ಸಿನ ನಡುವೆ ಎದ್ದು ಬಂತಾ ಬಂತಾ ಅಂತ ನೋಡ್ತಾ ಇದ್ದೇನೆ."

ಮುರಾರಿ ತಂಗಿಯ ಮುಖ ನೋಡಿದ. ತಂಗಿ ಅಣ್ಣನ ಮುಖ ನೋಡಿದಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. "ಅದು ನಿನ್ನೆಯಿಂದ ಸಾಲಿನಲ್ಲಿ ನಿಂತಿದೆ, ಅಧ್ಯಕ್ಷರೆ. ಲಿಮಿಟ್ ಬಿದ್ದ ಮೇಲೆ ಅಣ್ಣ ಮಲಗುವವರೆಗೆ ಅರ್ಧವೇ ಹೋದದ್ದು" ಎಂದಳು ಸುಗುಣಕ್ಕ. "ದಿನಾ ಎಂಟಕ್ಕೆ ನೀವು ಕುದುರೆ ಎತ್ತುವಾಗಲೇ ಅದೂ ಹೊರಡ್ತಿತ್ತು."

ಪುಂಡರೀಕಾಕ್ಷರು ಚೆಸ್ ಆಡುವವರು, ಯಾವುದನ್ನೂ ಅವಸರದಲ್ಲಿ ಅರ್ಥ ಮಾಡಿಕೊಳ್ಳುವವರಲ್ಲ. ಗೋಡೆಯ ಮೇಲಿನ ಮಗ್ಗಿ ನೋಡುತ್ತ ಯೋಚಿಸಿದರು. ಆಮೇಲೆ ನಿಧಾನವಾಗಿ, "ಅಂದ್ರೆ ನನ್ನ ಏಳು ಆಟ ಕೆಡಿಸಿದ್ದು ನನ್ನದೇ ಯಕ್ಷಗಾನವಾ?" ಎಂದರು. ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತು. ಕಿರೀಟ ಹಾಕಿಕೊಂಡು ಕುದುರೆಗೆ ಅಡ್ಡ ನಿಂತಿರಾ ಎಂದು ಗುಣಪಾಲರು ಕೆಣಕಿದರು. ಎಲ್ಲರಿಗಿಂತ ಜೋರಾಗಿ ನಕ್ಕವರು ಅಧ್ಯಕ್ಷರೇ.

"ಬೆಳಗಿನ ಹೊತ್ತು ಲೈನು ಖಾಲಿ ಇರ್ತದೆ" ಎಂದಳು ಸುಗುಣಕ್ಕ. "ಹನ್ನೊಂದನೆಯದ್ದು ಈಗ ಹೋಗ್ಲಿ."

ಮುರಾರಿ ಶಾಲೆಯ ಹುಡುಗನ ಹಾಗೆ ಹಿಂದಿನ ಬೆಂಚಿನಿಂದ ಕೈ ಎತ್ತಿದ. ಸುಗುಣಕ್ಕ ಗುಣಪಾಲರ ಮುಂದಿದ್ದ ಪೆನ್ನು ತೆಗೆದುಕೊಂಡು ಬೆಂಚಿಗೆ ಟಕ್ ಎಂದು ಬಡಿದಳು. ಮುರಾರಿ ಚಾಕ್ಕೂ ಕಾಯದೆ ಎದ್ದು ಮನೆಗೆ ಹೊರಟ.